ಫಾಲ್ಸ್ ಸ್ವೈಪ್: ಒಂದು ಎಚ್‌ಪಿಗೆ ಇಳಿಸಿದ ಪೋಕೆಮಾನ್ ಕೈತಪ್ಪದಂತೆ ಹಿಡಿಯುವ ಕ್ರಮ

“ಫಾಲ್ಸ್ ಸ್ವೈಪ್ ಹೊಡೆದೆ, ಸರಿಯಾಗಿ ಒಂದು ಎಚ್‌ಪಿ ಉಳಿಯಿತು, ಮರುಕ್ಷಣವೇ ಬಿದ್ದುಹೋಯಿತು.” ಪೋಕೆಮಾನ್ ವಿಡಿಯೊ ಗೇಮ್ ಆಡುವ ಪರಿಚಿತರಿಂದ ನಾನು ಅತಿ ಹೆಚ್ಚು ಕೇಳಿದ ದೂರು ಇದು. ಎಚ್‌ಪಿ ಎಂದರೆ ಪೋಕೆಮಾನ್‌ನ ಪ್ರಾಣಬಲ: ಕಡಿಮೆಯಾದಷ್ಟೂ ಹಿಡಿಯುವುದು ಸುಲಭ, ಸೊನ್ನೆಯಾದರೆ ಅದು ಬಿದ್ದುಹೋಗಿ ಕೈತಪ್ಪುತ್ತದೆ. ಇಲ್ಲಿ ಫಾಲ್ಸ್ ಸ್ವೈಪ್‌ನ ತಪ್ಪೇನೂ ಇಲ್ಲ. ಆ ಮೂವ್ (ಪೋಕೆಮಾನ್ ಕಲಿತ ಪಟ್ಟು) ಎದುರಾಳಿಯನ್ನು ಎಂದಿಗೂ ಬೀಳಿಸುವುದಿಲ್ಲ. ಕ್ರಿಟಿಕಲ್ ಹಿಟ್ (ಆಕಸ್ಮಿಕವಾಗಿ ಬೀಳುವ ಜೋರು ಪೆಟ್ಟು) ಆದರೂ ಒಂದು ಎಚ್‌ಪಿ ಉಳಿಸಿಯೇ ತೀರುತ್ತದೆ. ಬೀಳಿಸುವುದು ಅದರ ನಂತರ ಬರುವ ಸಂಗತಿ: ಮರಳುಗಾಳಿ, ವಿಷ, ಎದುರಾಳಿಯದೇ ದಾಳಿಯ ತಿರುಗೇಟು, ನಮ್ಮ ಪೋಕೆಮಾನ್‌ಗೆ ನಾವೇ ತೊಡಿಸಿದ ವಸ್ತು. ಒಂದು ಎಚ್‌ಪಿಯಲ್ಲಿರುವ ಪೋಕೆಮಾನ್‌ಗೆ ಉಗುರು ತಾಗಿದರೂ ಸಾಕು.

ಆದ್ದರಿಂದ ಹೊಡೆಯುವುದಕ್ಕೆ ಮೊದಲು ಏನು ಮಾಡಬೇಕು ಎಂಬುದಕ್ಕೇ ಇಲ್ಲಿ ಹೆಚ್ಚು ಜಾಗ ಕೊಟ್ಟಿದ್ದೇನೆ. ಇಲ್ಲಿರುವುದು ಸರದಿಯ ಮೇಲೆ ನಡೆಯುವ ಮುಖ್ಯ ಆಟಗಳ ವಿಷಯ. ಪೋಕೆಮಾನ್ ಗೋ ಮತ್ತು ಲೆಟ್ಸ್ ಗೋ ಪಿಕಾಚು, ಈವೀಗಳಲ್ಲಿ ಹಿಡಿಯುವ ರೀತಿಯೇ ಬೇರೆ. ಅವುಗಳಿಗೆ ಇದು ಅನ್ವಯಿಸದು.

ಹಂತ 1: ಮೊದಲು ಮೂವ್ ಕೈಗೆ ಬರಲಿ

ಪ್ರತಿ ಪೋಕೆಮಾನ್‌ಗೂ ಪ್ರತಿ ಮೂವ್‌ಗೂ ಒಂದು ಟೈಪ್, ಅಂದರೆ ವರ್ಗ ಇರುತ್ತದೆ. ಫಾಲ್ಸ್ ಸ್ವೈಪ್ ನಾರ್ಮಲ್ ಟೈಪ್‌ನ ಫಿಸಿಕಲ್ ದಾಳಿ. ಪವರ್ 40, ಆಕ್ಯುರಸಿ (ನೂರಕ್ಕೆ ಎಷ್ಟು ಸಲ ತಾಗುತ್ತದೆ ಎಂಬುದು) 100, ಪಿಪಿ (ಎಷ್ಟು ಸಲ ಬಳಸಬಹುದು ಎಂಬುದು) 40. ಡೈಮಂಡ್ ಮತ್ತು ಪರ್ಲ್ ಆಟಗಳಿಂದ ಸನ್ ಮತ್ತು ಮೂನ್‌ವರೆಗೆ ಇದು ಟಿಎಂ (ಮೂವ್ ಕಲಿಸುವ ವಸ್ತು) 54. ಸ್ವೋರ್ಡ್ ಮತ್ತು ಶೀಲ್ಡ್‌ನಲ್ಲಿ ಟಿಎಂ 94. ಸ್ಕಾರ್ಲೆಟ್ ಮತ್ತು ವೈಲೆಟ್‌ನಲ್ಲಿ ಟಿಎಂ 057. ಪೋಕೆಡೆಕ್ಸ್‌ನಲ್ಲಿ (ಹಿಡಿದ ಪೋಕೆಮಾನ್‌ಗಳ ದಾಖಲೆಯಲ್ಲಿ) 30 ಜಾತಿಗಳು ಸೇರಿದ ಮೇಲೆ ಅಕಾಡೆಮಿಯ ಜೀವಶಾಸ್ತ್ರದ ಮೇಷ್ಟ್ರು ಜ್ಯಾಕ್ ಅದನ್ನು ಕೊಡುತ್ತಾರೆ. ಈ ಕೊನೆಯ ಆಟದಲ್ಲಿ ಟಿಎಂ ಒಮ್ಮೆ ಬಳಸಿದರೆ ಮುಗಿಯಿತು, ಇನ್ನೊಂದು ಬೇಕೆಂದರೆ ಟಿಎಂ ಯಂತ್ರದಲ್ಲಿ ಮಾಡಿಕೊಳ್ಳಬೇಕು. ಹಾಗಾಗಿ ಸಿಕ್ಕ ಕೂಡಲೇ ಎದುರಿಗಿದ್ದ ಪೋಕೆಮಾನ್‌ಗೆ ಕಲಿಸಿಬಿಡಬೇಡಿ.

ಟಿಎಂ ಇಲ್ಲದೆಯೂ ದಾರಿಯಿದೆ. ಸೈದರ್, ಕ್ಯೂಬೋನ್, ಫಾರ್‌ಫೆಚ್ಡ್ ಲೆವೆಲ್ ಏರುತ್ತ ಇದನ್ನು ತಾವಾಗಿಯೇ ಕಲಿಯುತ್ತವೆ. ಸ್ಮಿಯರ್ಗಲ್ ಸ್ಕೆಚ್ ಬಳಸಿ ಯಾರಿಂದಲಾದರೂ ನಕಲು ಮಾಡಿಕೊಳ್ಳುತ್ತದೆ.

ಹಂತ 2: ಹಿಡಿಯುವುದಕ್ಕೆಂದೇ ಒಂದು ಪೋಕೆಮಾನ್

ಕಾಳಗದ ಪೋಕೆಮಾನ್‌ಗೇ ಫಾಲ್ಸ್ ಸ್ವೈಪ್ ಕಲಿಸಿ ಎರಡೂ ಕೆಲಸ ಮಾಡಿಸುವುದು ಮೊದಲ ತಪ್ಪು. ಎರಡರ ಬೇಡಿಕೆಗಳು ಒಂದಕ್ಕೊಂದು ವಿರುದ್ಧ. ಕಾಳಗದಲ್ಲಿ ಗುಣವಾದದ್ದೇ ಇಲ್ಲಿ ದೋಷವಾಗುತ್ತದೆ.

ರಾಕಿ ಹೆಲ್ಮೆಟ್ ನೋಡಿ. ಕಾಳಗದಲ್ಲಿ ಒಳ್ಳೆಯ ವಸ್ತು: ಮೈಮುಟ್ಟಿ ಹೊಡೆದವರಿಗೆ ತಿರುಗಿ ಪೆಟ್ಟು. ಆದರೆ ಒಂದು ಎಚ್‌ಪಿಯಲ್ಲಿರುವ ಶೈನಿ (ಅಪರೂಪದ ಬಣ್ಣದ ಪೋಕೆಮಾನ್) ನಿಮ್ಮ ಮೈಮೇಲೆ ಬಿದ್ದರೆ ಅದರ ಕಥೆ ಅಲ್ಲಿಗೇ ಮುಗಿಯಿತು. ರಫ್ ಸ್ಕಿನ್, ಐರನ್ ಬಾರ್ಬ್ಸ್ ಎಬಿಲಿಟಿಗಳೂ (ಪೋಕೆಮಾನ್‌ನ ಹುಟ್ಟುಗುಣಗಳೂ) ಅಷ್ಟೇ. ಪಾಯ್ಸನ್ ಪಾಯಿಂಟ್, ಫ್ಲೇಮ್ ಬಾಡಿಗಳು ಮುಟ್ಟಿದವರಿಗೆ ವಿಷ, ಸುಟ್ಟಗಾಯ ತಗುಲಿಸಿ ನಿಧಾನವಾಗಿ ಕೊಲ್ಲುತ್ತವೆ. ಚಾಯ್ಸ್ ಬ್ಯಾಂಡ್ ತೊಡಿಸಿದ್ದರೆ ಫಾಲ್ಸ್ ಸ್ವೈಪ್ ಬಿಟ್ಟು ಬೇರೆ ಮೂವ್ ಒತ್ತಲಾಗದೆ ಸಿಕ್ಕಿಬೀಳುತ್ತೀರಿ. ಹಿಡಿಯುವವನ ಕೈಯಲ್ಲಿ ಲೆಫ್ಟೋವರ್ಸ್ (ಪ್ರತಿ ಸರದಿ ಸ್ವಲ್ಪ ಎಚ್‌ಪಿ ತುಂಬುವ ವಸ್ತು) ಸಾಕು.

ನನ್ನ ಬಳಿ ಇರುವುದು ಗ್ಯಾಲೇಡ್. ಗಂಡು ಕಿರ್ಲಿಯಾಗೆ ಡಾನ್ ಸ್ಟೋನ್ ಕೊಟ್ಟರೆ ಸಿಗುತ್ತದೆ. ಫಾಲ್ಸ್ ಸ್ವೈಪ್, ಮಲಗಿಸುವ ಹಿಪ್ನಾಸಿಸ್, ಪ್ಯಾರಲೈಸ್ ಮಾಡುವ ಥಂಡರ್ ವೇವ್ ಮೂರನ್ನೂ ಹೊರುತ್ತದೆ. ನಾಲ್ಕನೆಯದಾಗಿ ಟಾಂಟ್ (ಎದುರಾಳಿ ದಾಳಿಯಲ್ಲದ ಮೂವ್ ಬಳಸದಂತೆ ತಡೆಯುವುದು) ಇಟ್ಟಿದ್ದೇನೆ. ಅನೇಕರು ಬ್ರೆಲೂಮ್ ಇಟ್ಟುಕೊಳ್ಳುತ್ತಾರೆ, ಏಕೆಂದರೆ ಮಲಗಿಸುವ ಅದರ ಸ್ಪೋರ್ ಮೂವ್‌ನ ಆಕ್ಯುರಸಿ 100. ಅಲ್ಲಿ ಎರಡು ಎಚ್ಚರಿಕೆ. ಸ್ಪೋರ್ ಅನ್ನು ಅದು ಶ್ರೂಮಿಷ್ (ಬ್ರೆಲೂಮ್‌ನ ಹಿಂದಿನ ರೂಪ) ಆಗಿರುವಾಗಲೇ ಕಲಿಸಬೇಕು. ಲೆವೆಲ್ 23ಕ್ಕೆ ಅದು ವಿಕಾಸಗೊಳ್ಳಲು ಹೊರಟಾಗ ಬಿ ಬಟನ್ ಒತ್ತಿ ತಡೆಯುತ್ತಿರಬೇಕು. ಇನ್ನೊಂದು, ಎಫೆಕ್ಟ್ ಸ್ಪೋರ್ ಎಬಿಲಿಟಿ ಇರುವ ಬ್ರೆಲೂಮ್ ಬೇಡ. ಅದನ್ನು ಮುಟ್ಟಿದ ಎದುರಾಳಿಗೆ ನಿದ್ರೆ ಬರಬಹುದು, ವಿಷವೂ ಏರಬಹುದು. ಯಾವುದು ಎಂಬುದು ನಿಮ್ಮ ಕೈಯಲ್ಲಿಲ್ಲ. ಟೆಕ್ನಿಷಿಯನ್ ಇರುವುದನ್ನು ಹುಡುಕಿ. ಪವರ್ 60ರವರೆಗಿನ ದಾಳಿಗಳನ್ನು ಅದು ಒಂದೂವರೆ ಪಟ್ಟು ಮಾಡುವುದರಿಂದ ಫಾಲ್ಸ್ ಸ್ವೈಪ್‌ಗೂ ಬಲ ಬರುತ್ತದೆ. ಸೈದರ್‌ಗೂ ಇದೇ ಎಬಿಲಿಟಿ ಇರಬಹುದು.

ಲೆವೆಲ್ ಎಷ್ಟಿರಬೇಕು? ಹಿಡಿಯಬೇಕಾದದ್ದಕ್ಕಿಂತ ಹತ್ತಿಪ್ಪತ್ತು ಹೆಚ್ಚಿರಲಿ. ಪವರ್ 40ರ ದಾಳಿಯನ್ನು ಸಮಾನ ಲೆವೆಲ್‌ನಲ್ಲಿ ಹೊಡೆಯುತ್ತ ಕೂತರೆ ಏಳೆಂಟು ಸರದಿ ಹೋಗುತ್ತದೆ, ಅಷ್ಟರಲ್ಲಿ ಏನು ಬೇಕಾದರೂ ಆಗಬಹುದು. ಫಾಲ್ಸ್ ಸ್ವೈಪ್ ವಿಷಯದಲ್ಲಿ ಅತಿಬಲ ಎಂಬುದು ಇಲ್ಲ. ಲೆವೆಲ್ 100ರ ಗ್ಯಾಲೇಡ್ ಲೆವೆಲ್ 3ರ ಮರಿಗೆ ಹೊಡೆದರೂ ಒಂದು ಎಚ್‌ಪಿ ಉಳಿಯುತ್ತದೆ.

ಹಂತ 3: ಎದುರಿಗೆ ಯಾರಿದ್ದಾರೆ ಎಂದು ಓದಿಕೊಳ್ಳಿ

ಇದು ಎಲ್ಲಕ್ಕಿಂತ ಮುಖ್ಯವಾದ ಹಂತ, ಎಲ್ಲರೂ ಹಾರಿ ದಾಟುವ ಹಂತವೂ ಇದೇ. ಶೈನಿ ಕಂಡ ಕೂಡಲೇ ಕೈ ನಡುಗುತ್ತದೆ, ಬಟನ್ ಒತ್ತಿಬಿಡುತ್ತೇವೆ. ಕಾಳಗದಲ್ಲಿ ಗಡಿಯಾರ ಓಡುವುದಿಲ್ಲ. ಸ್ವಿಚ್ (ಆಟದ ಯಂತ್ರ) ಕೆಳಗಿಟ್ಟು ಒಂದು ಲೋಟ ನೀರು ಕುಡಿದು ಬನ್ನಿ. ಆ ಪೋಕೆಮಾನ್ ಆ ಲೆವೆಲ್‌ನಲ್ಲಿ ಯಾವ ನಾಲ್ಕು ಮೂವ್ ಕಲಿತಿರುತ್ತದೆ ಎಂದು ಹುಡುಕಿ ನೋಡಿ. ಗಮನಿಸಬೇಕಾದವು ಇವು.

ತನ್ನನ್ನೇ ಕೊಂದುಕೊಳ್ಳುವ ಮೂವ್‌ಗಳು: ವೋಲ್ಟಾರ್ಬ್, ಜಿಯೋಡ್ಯೂಡ್‌ಗಳ ಸೆಲ್ಫ್ ಡಿಸ್ಟ್ರಕ್ಟ್ ಮತ್ತು ಎಕ್ಸ್‌ಪ್ಲೋಷನ್. ಡ್ಯಾಂಪ್ ಎಬಿಲಿಟಿ ಇರುವ ಪೋಕೆಮಾನ್ ನಿಮ್ಮ ಕಡೆ ನಿಂತಿದ್ದರೆ ಇವೆರಡೂ ನಡೆಯುವುದಿಲ್ಲ.

ತಿರುಗೇಟಿನ ಮೂವ್‌ಗಳು: ಟೇಕ್ ಡೌನ್, ಡಬಲ್ ಎಡ್ಜ್, ಬ್ರೇವ್ ಬರ್ಡ್. ನಿಮಗೆ ಬಿದ್ದ ಪೆಟ್ಟಿನ ಒಂದು ಪಾಲು ಹೊಡೆದವನಿಗೇ ಮರಳುತ್ತದೆ. ಒಂದು ಎಚ್‌ಪಿಯಲ್ಲಿ ಆ ಪಾಲು ಎಷ್ಟಿದ್ದರೇನು.

ಓಡಿಹೋಗುವ ಮೂವ್‌ಗಳು: ಆಬ್ರಾದ ಟೆಲಿಪೋರ್ಟ್, ಇನ್ನಿತರರ ರೋರ್ ಮತ್ತು ವರ್ಲ್‌ವಿಂಡ್. ಇವಕ್ಕೆ ಟಾಂಟ್ ಮದ್ದು, ಆದರೆ ಅರೆಬರೆ ಮದ್ದು. ಟೆಲಿಪೋರ್ಟ್ ಒಂದೇ ತಿಳಿದ ಆಬ್ರಾಗೆ ಟಾಂಟ್ ಹಾಕಿದರೆ ಬೇರೆ ಮೂವ್ ಇಲ್ಲದೆ ಅದು ಸ್ಟ್ರಗಲ್ ಮಾಡುತ್ತದೆ. ಸ್ಟ್ರಗಲ್ ತನ್ನ ಒಟ್ಟು ಎಚ್‌ಪಿಯ ಕಾಲು ಭಾಗ ತಾನೇ ಕಳೆದುಕೊಳ್ಳುವ ಮೂವ್. ಆಬ್ರಾಗೆ ಮೊದಲ ಸರದಿಯಲ್ಲೇ ಕ್ವಿಕ್ ಬಾಲ್ (ಮೊದಲ ಸರದಿಯಲ್ಲಿ ಬಲ ಹೆಚ್ಚಿರುವ, ಪೋಕೆಮಾನ್ ಹಿಡಿಯುವ ಬಾಲ್), ಬೇರೆ ಮಾತಿಲ್ಲ.

ಎಬಿಲಿಟಿಗಳಲ್ಲಿ ನೆನಪಿಡಬೇಕಾದದ್ದು ವಿಂಪಾಡ್‌ನ ವಿಂಪ್ ಔಟ್. ಎಚ್‌ಪಿ ಅರ್ಧಕ್ಕಿಂತ ಕೆಳಗಿಳಿದ ಕೂಡಲೇ ಕಾಡು ವಿಂಪಾಡ್ ಕಾಳಗ ಬಿಟ್ಟು ಓಡುತ್ತದೆ. ಇದರ ಮುಂದೆ ಫಾಲ್ಸ್ ಸ್ವೈಪ್ ಮಾಡುವ ಕೆಲಸವೆಂದರೆ ಓಡಿಸುವುದು ಮಾತ್ರ. ನಿದ್ರೆ ಬರಿಸಿ ಬಾಲ್ ಎಸೆಯಿರಿ, ಹೊಡೆಯಬೇಡಿ.

ಹವಾಮಾನ: ಮರಳುಗಾಳಿ ಬೀಸುತ್ತಿದ್ದರೆ ರಾಕ್, ಗ್ರೌಂಡ್, ಸ್ಟೀಲ್ ಟೈಪ್ ಅಲ್ಲದವಕ್ಕೆ ಪ್ರತಿ ಸರದಿಯ ಕೊನೆಗೆ ಪೆಟ್ಟು ಬೀಳುತ್ತದೆ. ಹಳೆಯ ಆಟಗಳಲ್ಲಿ ಆಲಿಕಲ್ಲು ಮಳೆಗೂ ಇದೇ ಗುಣವಿತ್ತು. ಸ್ಕಾರ್ಲೆಟ್ ಮತ್ತು ವೈಲೆಟ್‌ನಲ್ಲಿ ಅದರ ಜಾಗಕ್ಕೆ ಬಂದ ಹಿಮ ಹೊಡೆಯುವುದಿಲ್ಲ. ಮರಳುಗಾಳಿಯಿದ್ದರೆ ನಿಮ್ಮ ಪೋಕೆಮಾನ್‌ನಿಂದ ಮಳೆ ಅಥವಾ ಬಿಸಿಲು ತರಿಸಿ ಹವಾಮಾನ ಬದಲಿಸಿ, ಆಮೇಲೆ ಮುಂದಿನ ಮಾತು.

ಕೊನೆಗೆ, ಫಾಲ್ಸ್ ಸ್ವೈಪ್ ತಾಗುತ್ತದೆಯೇ? ಘೋಸ್ಟ್ ಟೈಪ್‌ಗೆ ನಾರ್ಮಲ್ ದಾಳಿ ತಾಗುವುದೇ ಇಲ್ಲ. ರಾಕ್ ಮತ್ತು ಸ್ಟೀಲ್‌ಗೆ ಅರ್ಧ ಪೆಟ್ಟು ಮಾತ್ರ.

ಹಂತ 4: ಘೋಸ್ಟ್ ಬಂದರೆ ನೀರು ಹಾಕಿ

ಘೋಸ್ಟ್‌ಗಳ ಮುಂದೆ ಸೋಕ್ ಎಂಬ ಮೂವ್ ಬಳಸಿ. ಎದುರಾಳಿ ಯಾವ ಟೈಪ್ ಆಗಿದ್ದರೂ ಸೋಕ್ ತಾಗಿದ ಮೇಲೆ ಅದು ವಾಟರ್ ಟೈಪ್ ಮಾತ್ರ. ಆಮೇಲೆ ಫಾಲ್ಸ್ ಸ್ವೈಪ್ ಸಲೀಸಾಗಿ ತಾಗುತ್ತದೆ. ಸೋಕ್‌ನ ಉಪಯೋಗ ಅಲ್ಲಿಗೇ ಮುಗಿಯುವುದಿಲ್ಲ. ಎಕ್ಸ್ ಮತ್ತು ವೈ ಆಟಗಳಿಂದ ಈಚೆಗೆ ಗ್ರಾಸ್ ಟೈಪ್‌ಗೆ ಸ್ಪೋರ್ ಹತ್ತುವುದಿಲ್ಲ, ಎಲೆಕ್ಟ್ರಿಕ್ ಟೈಪ್‌ಗೆ ಪ್ಯಾರಲಿಸಿಸ್ ಹತ್ತುವುದಿಲ್ಲ. ಗ್ರೌಂಡ್ ಟೈಪ್‌ಗೆ ಥಂಡರ್ ವೇವ್ ಮೊದಲಿನಿಂದಲೂ ನಾಟದು. ಒಮ್ಮೆ ವಾಟರ್ ಆಗಿಬಿಟ್ಟರೆ ಈ ರಕ್ಷಣೆಗಳೆಲ್ಲ ಹೋಗುತ್ತವೆ.

ನನ್ನ ಗುಂಪಿನಲ್ಲಿ ಗ್ಯಾಲೇಡ್‌ನ ಪಕ್ಕದಲ್ಲಿ ಡ್ಯಾಂಪ್ ಎಬಿಲಿಟಿಯ ಗೋಲ್ಡಕ್ ಸದಾ ಇರುತ್ತದೆ. ಸೋಕ್ ಹಾಕುವುದೂ ಅದೇ, ವೋಲ್ಟಾರ್ಬ್ ಸಿಡಿಯದಂತೆ ನೋಡಿಕೊಳ್ಳುವುದೂ ಅದೇ.

ಸ್ಕಾರ್ಲೆಟ್ ಮತ್ತು ವೈಲೆಟ್ ಆಡುವವರಿಗೆ ಒಂದು ಎಚ್ಚರಿಕೆ. ಮೈಹೊಳೆಯುವ ಟೆರಾ ಪೋಕೆಮಾನ್‌ಗಳು (ಹರಳಿನ ಕವಚ ತೊಟ್ಟು ಟೆರಾ ಟೈಪ್‌ಗೆ ಬದಲಾದವು) ಅಲ್ಲಲ್ಲಿ ಸಿಗುತ್ತವೆ. ಅವುಗಳ ಟೆರಾ ಕವಚ ಒಡೆಯುವವರೆಗೆ ಬಾಲ್ ಎಸೆಯಲು ಆಗುವುದಿಲ್ಲ. ಟೆರಾ ಟೈಪ್ ಘೋಸ್ಟ್ ಆಗಿದ್ದರೆ, ಮೂಲ ಟೈಪ್ ಏನೇ ಇರಲಿ, ಫಾಲ್ಸ್ ಸ್ವೈಪ್ ತಾಗುವುದಿಲ್ಲ, ಸೋಕ್ ಕೂಡ ನಡೆಯುವುದಿಲ್ಲ. ಅಲ್ಲಿ ಕಡಿಮೆ ಪವರ್‌ನ ಬೇರೆ ದಾಳಿಯಿಂದ ಮೆಲ್ಲಗೆ ಇಳಿಸಬೇಕು. ಟೆರಾ ರೇಡ್‌ಗಳ (ನಾಲ್ವರು ಸೇರಿ ಒಂದು ಟೆರಾ ಪೋಕೆಮಾನ್ ಎದುರಿಸುವ ಕಾಳಗಗಳ) ವಿಷಯದಲ್ಲಿ ಇದ್ಯಾವ ತಲೆನೋವೂ ಇಲ್ಲ: ಗೆದ್ದ ಮೇಲೆ ಎಸೆದ ಬಾಲ್ ತಪ್ಪುವುದಿಲ್ಲ.

ಹಂತ 5: ಇಳಿಸುವುದು

ಮೊದಲ ಸರದಿಯಲ್ಲಿ ಇಳಿಸುವ ಮಾತೇ ಬೇಡ, ಒಂದು ಕ್ವಿಕ್ ಬಾಲ್ ಎಸೆಯಿರಿ. ಬ್ಲ್ಯಾಕ್ ಮತ್ತು ವೈಟ್‌ನಿಂದ ಈಚೆಗೆ ಮೊದಲ ಸರದಿಯಲ್ಲಿ ಅದರ ಬಲ 5 ಪಟ್ಟು. ಲೆಕ್ಕ ಸ್ಥೂಲವಾಗಿ ಹೀಗಿದೆ: ಪ್ರತಿ ಜಾತಿಗೂ ಒಂದು ಕ್ಯಾಚ್ ರೇಟ್ ಇದೆ, ಎಚ್‌ಪಿ ತುಂಬಿದ್ದಾಗ ಅದರ ಮೂರನೇ ಒಂದು ಭಾಗ ಮಾತ್ರ ಲೆಕ್ಕಕ್ಕೆ ಬರುತ್ತದೆ, ಒಂದು ಎಚ್‌ಪಿಯಲ್ಲಿ ಹೆಚ್ಚುಕಡಿಮೆ ಪೂರ್ತಿ ಬರುತ್ತದೆ. ಅದನ್ನು ಬಾಲ್‌ನ ಬಲದಿಂದ, ಮತ್ತೆ ಸ್ಟೇಟಸ್‌ನ (ನಿದ್ರೆ, ಪ್ಯಾರಲಿಸಿಸ್‌ನಂಥ ಸ್ಥಿತಿಯ) ಬಲದಿಂದ ಗುಣಿಸಬೇಕು. 255 ಮುಟ್ಟಿದರೆ ಖಂಡಿತ ಸಿಕ್ಕಿತು. ಪಿಕಾಚುವಿನ ರೇಟ್ 190. ಮೂರರಿಂದ ಭಾಗಿಸಿ ಐದರಿಂದ ಗುಣಿಸಿದರೆ 316. ಅಂದರೆ ಪಿಕಾಚುವಿಗೆ ಫಾಲ್ಸ್ ಸ್ವೈಪ್ ಹೊಡೆಯುತ್ತ ಕೂರುವುದು ಕೆಲಸವಿಲ್ಲದವರ ಕೆಲಸ. ಹೊಸ ಆಟಗಳಲ್ಲಿ ಲೆವೆಲ್ ಮತ್ತು ಬ್ಯಾಡ್ಜ್‌ಗಳ ಏರಿಳಿತವೂ ಸೇರಿಕೊಳ್ಳುತ್ತದೆ, ಆದರೆ ಲೆಕ್ಕದ ಬೆನ್ನೆಲುಬು ಇದೇ.

ಕ್ವಿಕ್ ಬಾಲ್ ಒಡೆದು ಹೊರಬಂದರೆ ಆಗ ಫಾಲ್ಸ್ ಸ್ವೈಪ್. ಇಲ್ಲಿ ಅವಸರದವರು ಮಾಡುವ ತಪ್ಪು, “ಮೊದಲು ಒಂದು ದೊಡ್ಡ ಪೆಟ್ಟು, ಉಳಿದದ್ದಕ್ಕೆ ಫಾಲ್ಸ್ ಸ್ವೈಪ್” ಎನ್ನುವುದು. ಆ ದೊಡ್ಡ ಪೆಟ್ಟಿಗೆ ಕ್ರಿಟಿಕಲ್ ಆದರೆ ಎಲ್ಲ ಮುಗಿಯಿತು. ಬೇಗ ಇಳಿಸಲೇಬೇಕೆಂದರೆ ಇರುವ ಎಚ್‌ಪಿಯನ್ನು ಅರ್ಧ ಮಾಡುವ ಸೂಪರ್ ಫ್ಯಾಂಗ್ ಬಳಸಿ.

ಕಾಡು ಪೋಕೆಮಾನ್‌ನ ಎಚ್‌ಪಿ ಅಂಕಿಯಲ್ಲಿ ಕಾಣುವುದಿಲ್ಲ, ಪಟ್ಟಿ ಮಾತ್ರ ಕಾಣುತ್ತದೆ. ಕೆಂಪು ಬಂದ ಕೂಡಲೇ ಒಂದು ಎಚ್‌ಪಿ ಎಂದುಕೊಳ್ಳಬೇಡಿ. ಪಟ್ಟಿಯ ಐದನೇ ಒಂದು ಭಾಗ ಉಳಿದಾಗಲೇ ಕೆಂಪಾಗುತ್ತದೆ. ಅನುಮಾನವಿದ್ದರೆ ಮತ್ತೊಮ್ಮೆ ಫಾಲ್ಸ್ ಸ್ವೈಪ್ ಹೊಡೆಯಿರಿ. ಪಟ್ಟಿ ಕದಲಲಿಲ್ಲವೆಂದರೆ ಒಂದು ಎಚ್‌ಪಿಯಲ್ಲಿದೆ ಎಂದರ್ಥ.

ಹಂತ 6: ಸ್ಟೇಟಸ್, ಒಂದೇ ಒಂದು

ನಿದ್ರೆ ಅಥವಾ ಹಿಮಗಟ್ಟುವಿಕೆ 2.5 ಪಟ್ಟು, ಪ್ಯಾರಲಿಸಿಸ್, ವಿಷ, ಸುಟ್ಟಗಾಯ 1.5 ಪಟ್ಟು. ಐದನೇ ತಲೆಮಾರಿಗಿಂತ (ಬ್ಲ್ಯಾಕ್ ಮತ್ತು ವೈಟ್‌ಗಿಂತ) ಹಿಂದಿನ ಆಟಗಳಲ್ಲಿ ನಿದ್ರೆಗೆ 2 ಪಟ್ಟು ಮಾತ್ರ. ವಿಷ ಮತ್ತು ಸುಟ್ಟಗಾಯಕ್ಕೆ ಲೆಕ್ಕದಲ್ಲಿ ಜಾಗವಿದ್ದರೂ ನಮಗೆ ಬೇಡ, ಪ್ರತಿ ಸರದಿ ಎಚ್‌ಪಿ ಕಡಿಯುತ್ತವೆ. ಉಳಿದದ್ದು ನಿದ್ರೆ ಮತ್ತು ಪ್ಯಾರಲಿಸಿಸ್.

ಒಂದು ಪೋಕೆಮಾನ್‌ಗೆ ಇಂಥ ಸ್ಟೇಟಸ್ ಒಂದೇ ಇರಬಲ್ಲದು. “ಮೊದಲು ಪ್ಯಾರಲೈಸ್ ಮಾಡಿಡೋಣ, ಆಮೇಲೆ ಮಲಗಿಸೋಣ” ಎಂದು ಹೊರಟವರು ಬಾಗಿಲನ್ನು ತಾವೇ ಹಾಕಿಕೊಂಡಂತೆ. ಆಯ್ಕೆ ಮೊದಲೇ ಮಾಡಿಕೊಳ್ಳಿ. ನಿದ್ರೆಯ ಫಲ ಹೆಚ್ಚು, ಆದರೆ ಒಂದರಿಂದ ಮೂರು ಸರದಿಯಲ್ಲಿ ಎಚ್ಚರವಾಗುತ್ತದೆ. ಹಿಪ್ನಾಸಿಸ್‌ನ ಆಕ್ಯುರಸಿಯೂ 60 ಮಾತ್ರ. ಪ್ಯಾರಲಿಸಿಸ್ ಕೊನೆಯವರೆಗೂ ಉಳಿಯುತ್ತದೆ. ಹೊಡೆತ ತಡೆದುಕೊಳ್ಳುವ ಶಕ್ತಿ ನಿಮ್ಮ ಪೋಕೆಮಾನ್‌ಗೆ ಇದ್ದರೆ ನಿದ್ರೆ, ಇಲ್ಲದಿದ್ದರೆ ಥಂಡರ್ ವೇವ್. ಹಿಡಿಯಲು ತೀರ ಕಷ್ಟವಾದವುಗಳಿಗೆ ನಿದ್ರೆಯೇ.

ಸ್ಟೇಟಸ್ ಮೊದಲೋ, ಎಚ್‌ಪಿ ಮೊದಲೋ? ಸಾಮಾನ್ಯ ಎದುರಾಳಿಗೆ ಎಚ್‌ಪಿ ಮೊದಲು, ಏಕೆಂದರೆ ನಿದ್ರೆಯ ಸರದಿಗಳನ್ನು ಹೊಡೆಯುವುದರಲ್ಲಿ ಕಳೆಯುವುದಕ್ಕಿಂತ ಬಾಲ್ ಎಸೆಯುವುದರಲ್ಲಿ ಕಳೆಯುವುದು ಲಾಭ. ಸಿಡಿಯುವ, ತಿರುಗೇಟಿನ, ಓಡಿಹೋಗುವ ಎದುರಾಳಿಗೆ ಇದು ತಿರುವುಮುರುವು: ಮಲಗಿಸಿ, ಮಲಗಿರುವಾಗಲೇ ಇಳಿಸಿ.

ಹಂತ 7: ಬಾಲ್ ಮತ್ತು ಎಣಿಕೆ

ಅಲ್ಟ್ರಾ ಬಾಲ್ 2 ಪಟ್ಟು. ಡಸ್ಕ್ ಬಾಲ್ ರಾತ್ರಿ ಅಥವಾ ಗುಹೆಯಲ್ಲಿ, ಸನ್ ಮತ್ತು ಮೂನ್‌ನಿಂದ ಈಚೆಗೆ 3 ಪಟ್ಟು. ಟೈಮರ್ ಬಾಲ್ ಸರದಿ ಕಳೆದಂತೆ ಏರುತ್ತ ಹತ್ತು ಸರದಿಯ ನಂತರ 4 ಪಟ್ಟು. ಮ್ಯೂಟೂವಿನ ಕ್ಯಾಚ್ ರೇಟ್ 3. ತುಂಬಿದ ಎಚ್‌ಪಿಗೆ ಅಲ್ಟ್ರಾ ಬಾಲ್ ಎಸೆದರೆ ಲೆಕ್ಕದಲ್ಲಿ ಬರುವುದು 2. ಒಂದು ಎಚ್‌ಪಿಯಲ್ಲಿ ಮಲಗಿಸಿ ಎಸೆದರೆ 15ರ ಹತ್ತಿರ. ಅದೇ ಸ್ಥಿತಿಯಲ್ಲಿ ತಡವಾಗಿ ಟೈಮರ್ ಬಾಲ್ ಎಸೆದರೆ 30ರ ಹತ್ತಿರ. ಮುಟ್ಟಬೇಕಾದದ್ದು 255. ಆದ್ದರಿಂದ ಎಲ್ಲವನ್ನೂ ಸರಿಯಾಗಿ ಮಾಡಿದ ಮೇಲೂ ಇಪ್ಪತ್ತು ಮೂವತ್ತು ಬಾಲ್ ಹೋದರೆ ನೀವು ತಪ್ಪು ಮಾಡಿದ್ದೀರಿ ಎಂದಲ್ಲ. ಬಾಲ್ ಬೀಳುವಾಗ ಬಟನ್ ಒತ್ತಿಹಿಡಿದರೆ ಸಿಗುತ್ತದೆ ಎಂಬ ನಂಬಿಕೆ ನನ್ನ ಸೋದರಳಿಯನಿಗೂ ಇದೆ. ಹೆಬ್ಬೆರಳು ನೋಯುವುದು ಬಿಟ್ಟರೆ ಅದರಿಂದ ಏನೂ ಆಗುವುದಿಲ್ಲ.

ಎಣಿಸಬೇಕಾದದ್ದು ಎದುರಾಳಿಯ ಪಿಪಿ. ಅದರ ಎಲ್ಲ ಮೂವ್‌ಗಳ ಪಿಪಿ ಮುಗಿದರೆ ಸ್ಟ್ರಗಲ್ ಶುರುವಾಗುತ್ತದೆ, ಒಂದು ಎಚ್‌ಪಿಯ ಪೋಕೆಮಾನ್ ತಾನಾಗಿಯೇ ಬೀಳುತ್ತದೆ. ಪ್ರೆಷರ್ ಎಬಿಲಿಟಿ ಇರುವ ಪೋಕೆಮಾನ್ ನಿಮ್ಮ ಕಡೆ ನಿಂತಿದ್ದರೆ ಪಿಪಿ ಇನ್ನೂ ಬೇಗ ಕರಗುತ್ತದೆ, ಅಂಥದ್ದನ್ನು ಮುಂದೆ ನಿಲ್ಲಿಸಬೇಡಿ. ರಿಕವರ್, ರೂಸ್ಟ್ ಬಳಸಿ ಎಚ್‌ಪಿ ತುಂಬಿಕೊಂಡರೆ ಹಂತ 5ಕ್ಕೆ ಮರಳಿ. ರೆಸ್ಟ್ ಬಳಸಿದರೆ ಬೇಸರಪಡಬೇಡಿ, ಅದು ತಾನೇ ಮಲಗಿಕೊಂಡಿದೆ.

ಸೇವ್ ಬಗ್ಗೆ ಎರಡು ಮಾತು. ಒಂದೇ ಕಡೆ ನಿಂತಿರುವ ಲೆಜೆಂಡರಿಯ (ಮ್ಯೂಟೂವಿನಂಥ ಅಪರೂಪದ ಪೋಕೆಮಾನ್‌ನ) ಮುಂದೆ ಆಟೋಸೇವ್ ಆಫ್ ಮಾಡಿ, ಕೈಯಾರೆ ಸೇವ್ ಮಾಡಿ. ಸ್ಕಾರ್ಲೆಟ್ ಮತ್ತು ವೈಲೆಟ್‌ನ ಬಯಲಿನಲ್ಲಿ ಅಡ್ಡಾಡುವ ಶೈನಿಗೆ ಇದು ಉಪಯೋಗವಿಲ್ಲ. ಆಟ ಮುಚ್ಚಿ ತೆರೆದರೆ ಅದು ಅಲ್ಲಿರುವುದಿಲ್ಲ.

ಒಂದು ಕಾಳಗ, ಸರದಿ ಸರದಿಯಾಗಿ: ಬೆಲ್ಡಮ್

ಸನ್ ಮತ್ತು ಮೂನ್‌ನ ಮೌಂಟ್ ಹೊಕುಲಾನಿಯಲ್ಲಿ ಬೆಲ್ಡಮ್ ಸಿಗುತ್ತದೆ. ಕ್ಯಾಚ್ ರೇಟ್ 3, ಮ್ಯೂಟೂವಿನಷ್ಟೇ. ಅದಕ್ಕೆ ತಿಳಿದ ಮೂವ್ ಒಂದೇ: ಟೇಕ್ ಡೌನ್. ನಾನು ಮೊದಲ ಬೆಲ್ಡಮ್ ಅನ್ನು ಅಚ್ಚುಕಟ್ಟಾಗಿ ಒಂದು ಎಚ್‌ಪಿಗೆ ಇಳಿಸಿ, ಚೀಲ ತೆರೆದು ಅಲ್ಟ್ರಾ ಬಾಲ್ ಎಸೆದೆ. ಬಾಲ್ ಒಡೆಯಿತು. ಬೆಲ್ಡಮ್ ಬಂದು ನನಗೆ ಗುದ್ದಿತು, ಗುದ್ದಿದ್ದಕ್ಕೆ ತಾನೇ ಬಿತ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂಬುದರ ಅರ್ಥ ಅಂದು ತಿಳಿಯಿತು.

ಎರಡನೆಯದನ್ನು ಹಿಡಿದದ್ದು ಹೀಗೆ.

1. ಕ್ವಿಕ್ ಬಾಲ್. ಒಡೆಯಿತು, ಬೇಸರವಿಲ್ಲ.

2. ಹಿಪ್ನಾಸಿಸ್, ತಾಗುವವರೆಗೆ. ಸ್ಟೇಟಸ್ ಇರುವ ಪೋಕೆಮಾನ್ ಈ ಆಟಗಳಲ್ಲಿ ಸಂಗಾತಿಗಳನ್ನು ಕೂಗಿ ಕರೆಯುವುದಿಲ್ಲ ಎಂಬುದು ಇನ್ನೊಂದು ಲಾಭ. ಎದುರಿಗೆ ಇಬ್ಬರಿದ್ದರೆ ಬಾಲ್ ಎಸೆಯಲು ಬಿಡುವುದಿಲ್ಲ.

3. ಮಲಗಿರುವಾಗ ಫಾಲ್ಸ್ ಸ್ವೈಪ್. ಸ್ಟೀಲ್ ಟೈಪ್ ಆದ್ದರಿಂದ ಅರ್ಧ ಪೆಟ್ಟು, ಅದಕ್ಕೇ ಲೆವೆಲ್ ಹೆಚ್ಚಿರಬೇಕು ಎಂದದ್ದು. ಎಚ್‌ಪಿ ಕೆಂಪಿನಲ್ಲಿರುವಾಗ ಎಚ್ಚರವಾದರೆ ಮತ್ತೆ ಹೊಡೆಯಬೇಡಿ, ಮುಂದಿನ ಹೆಜ್ಜೆಗೆ ಹೋಗಿ.

4. ಗ್ಯಾಲೇಡ್ ಅನ್ನು ಹಿಂದಕ್ಕೆ ಕರೆದು ಗೆಂಗಾರ್ ಅನ್ನು ಕಳುಹಿಸಿದೆ. ಟೇಕ್ ಡೌನ್ ನಾರ್ಮಲ್ ಟೈಪ್‌ನದು, ಘೋಸ್ಟ್‌ಗೆ ತಾಗುವುದಿಲ್ಲ. ತಾಗದ ಪೆಟ್ಟಿಗೆ ತಿರುಗೇಟೂ ಇಲ್ಲ. ಬೆಲ್ಡಮ್ ಗಾಳಿಗೆ ಗುದ್ದುತ್ತಿರಲಿ.

5. ಗೆಂಗಾರ್‌ನ ಹಿಪ್ನಾಸಿಸ್‌ನಿಂದ ಮತ್ತೆ ಮಲಗಿಸಿ ಬಾಲ್ ಎಸೆಯಲು ಶುರು. ಎಚ್ಚರವಾದಾಗ ಮತ್ತೆ ಹಿಪ್ನಾಸಿಸ್.

ಟೇಕ್ ಡೌನ್‌ನ ಪಿಪಿ 20. ಎದ್ದಿರುವಾಗ ಗುದ್ದಲು ಹೊರಟ ಪ್ರತಿ ಸಲವೂ ಒಂದು ಖರ್ಚು, ಮಲಗಿರುವ ಸರದಿಗಳಿಗೆ ಖರ್ಚಿಲ್ಲ. ಇಪ್ಪತ್ತು ಮುಗಿದರೆ ಸ್ಟ್ರಗಲ್, ಅದು ಘೋಸ್ಟ್‌ಗೂ ತಾಗುತ್ತದೆ. ನಾನು ಪಕ್ಕದಲ್ಲಿದ್ದ ಹಳೆಯ ಲೈಟ್ ಬಿಲ್ಲಿನ ಹಿಂಬದಿಯಲ್ಲಿ ಐದೈದರ ಗೀಟು ಹಾಕುತ್ತ ಕೂತಿದ್ದೆ. ಹದಿಮೂರನೆಯ ಗೀಟು ಎಳೆದ ಮೇಲೆ ಎಸೆದ ಟೈಮರ್ ಬಾಲ್ ಮೂರು ಸಲ ಅಲುಗಾಡಿ ನಿಂತಿತು.